ಬೀಗರ ಗಡಿಯಾರಗಳು

ನಮ್ಮೂರಿಗೆ ದಿನಾ ಬೆಳಿಗ್ಗೆ ಹತ್ತೂ ಹದಿನೇಳಕ್ಕೆ ಹಗುರ ಬರುತ್ತದೆ, ಹತ್ತೂ ಇಪ್ಪತ್ತೊಂಬತ್ತಕ್ಕೆ ಹೋಗುತ್ತದೆ. ಬರುವಾಗ ಬಚ್ಚಲ ಹಂಡೆಯ ನೀರು ಕಾದ ಹಾಗೆ ಮೆಲ್ಲಗೆ ಬರುತ್ತದೆ. ಯಾವ ಗಳಿಗೆಯಲ್ಲಿ ಬಂತೆಂದು ಯಾರಿಗೂ ಹೇಳಲಾಗದು. ತುಂಬಿದ ಕೊಡ ಎತ್ತಿದಾಗ ಕೈ ಅಂದುಕೊಂಡಿದ್ದಕ್ಕಿಂತ ಮೇಲೆ ಹೋಯಿತೆಂದರೆ ಬಂದಿದೆ ಎಂದರ್ಥ. ಹೋಗುವಾಗ ಮಾತ್ರ ಹೇಳದೆ ಕೇಳದೆ, ಒಂದೇ ಸಲ ಹೊರಟುಹೋಗುತ್ತದೆ. ಆ ಹನ್ನೆರಡು ನಿಮಿಷಕ್ಕೆಂದು ಊರಿನವರು ಭಾರದ ಕೆಲಸಗಳನ್ನೆಲ್ಲ ಎತ್ತಿಟ್ಟುಕೊಂಡಿರುತ್ತಾರೆ. ಕಬ್ಬಿಣದ ಬೀರು ಮಹಡಿ ಏರುವುದು, ರುಬ್ಬುಗುಂಡು ಜಾಗ ಬದಲಿಸುವುದು, ಕೆಸರಿನಲ್ಲಿ ಹೂತ ಎಮ್ಮೆ ಮೇಲೆ ಬರುವುದು ಎಲ್ಲ ಆಗಲೇ. ಎದ್ದೇಳದ ಗಂಡನನ್ನು ಹಾಸಿಗೆ ಸಮೇತ ಒಂದು ಕೈಯಲ್ಲಿ ಎತ್ತಿಹಿಡಿದು ಇನ್ನೊಂದು ಕೈಯಲ್ಲಿ ಕಸ ಗುಡಿಸುವ ಹೆಂಗಸರೂ ನಮ್ಮ ಬೀದಿಯಲ್ಲಿದ್ದಾರೆ.

ನನ್ನ ಸೋದರತ್ತೆ ತುಂಗತ್ತೆ ನಡೆಯುವುದೂ ಆಗಲೇ. ಅವಳ ಕಾಲುಗಳು ಅವಳ ಮೈಯನ್ನು ಹೊರುವುದು ಬಿಟ್ಟು ಎಂಟು ವರ್ಷವಾಯಿತು. ನಾವಿಬ್ಬರೂ ಇರುವುದು ಮಹಡಿಯ ಮೇಲಿನ ಮನೆಯಲ್ಲಿ. ಕೆಳಗಿಳಿಯಲು ಇಪ್ಪತ್ತೆರಡು ಮೆಟ್ಟಿಲು. ಹಗುರ ಬಂತೆಂದು ಗಂಟೆ ಹೊಡೆದ ಕೂಡಲೇ ಅತ್ತೆ ಕುರ್ಚಿಯಿಂದ ಎದ್ದು, ಸೆರಗು ಸಿಕ್ಕಿಸಿಕೊಂಡು, ಎರಡೆರಡು ಮೆಟ್ಟಿಲು ಒಟ್ಟಿಗೆ ಇಳಿದು, ಎದುರು ಮನೆಯ ಟೈಲರ್ ರೆಬೆಕ್ಕಮ್ಮನ ಜಗಲಿ ಸೇರುತ್ತಾಳೆ. ದಿನದ ಉಳಿದ ಹೊತ್ತೆಲ್ಲ ಅವಳು ಕಿಟಕಿಯಿಂದ ಕಾಣುವ ಬೀದಿಯನ್ನು ನೋಡುತ್ತಾಳೆ. ಆ ಹತ್ತು ನಿಮಿಷ ಮಾತ್ರ ಬೀದಿಯಲ್ಲಿ ಇರುತ್ತಾಳೆ. ಹೋಗುವ ಗಂಟೆ ಹತ್ತೂ ಇಪ್ಪತ್ತೆಂಟಕ್ಕೆ, ಅಂದರೆ ಭಾರ ಮರಳಲು ಸರಿಯಾಗಿ ಒಂದು ನಿಮಿಷ ಮೊದಲು ಹೊಡೆಯುತ್ತದೆ. ಅಷ್ಟರಲ್ಲಿ ಅತ್ತೆ ಮೇಲೆ ಬಂದು ಕುರ್ಚಿಯಲ್ಲಿ ಕೂತು, ಒಂದು ವೀಳ್ಯದೆಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಭಾರ ಮರಳಿ ಕುರ್ಚಿ ಕಿರ್ ಎನ್ನುತ್ತಿತ್ತು.

ಆ ಎಲೆಯ ಸಂಗತಿಯನ್ನು ನಾನು ದಿನಚರಿಯಲ್ಲಿ ಬರೆಯುತ್ತಿದ್ದೆ. ಬರೆಯಲು ನನಗೆ ದೊಡ್ಡ ವಿಷಯಗಳೇನೂ ಇರುತ್ತಿರಲಿಲ್ಲ. "ಇವತ್ತು ಎಲೆ ಬಾಯಿಗೆ ಹೋಗುವ ಮೊದಲೇ ಭಾರ ಬಂತು. ಅತ್ತೆ ಬೈದಳು" ಎಂದು ಒಂದು ದಿನ. ವಾರ ಬಿಟ್ಟು, "ಇವತ್ತು ಸುಣ್ಣ ಮಾತ್ರ." ಮತ್ತೆರಡು ವಾರಕ್ಕೆ, "ಎಲೆ ಕೈಗೆ ತೆಗೆದುಕೊಂಡಳು, ಅಷ್ಟೇ." ಮೊನ್ನೆ ಗುರುವಾರ ಅತ್ತೆ ಇನ್ನೂ ಕೂರುತ್ತಿದ್ದಾಗಲೇ ಭಾರ ಬಂತು. ಒಂದು ಕೈ ಕುರ್ಚಿಯ ತೋಳಿನ ಮೇಲಿತ್ತು, ಅದರಿಂದ ಉಳಿದಳು. ಒಂದು ಹೆಜ್ಜೆ ಹಿಂದೆ ಇದ್ದಿದ್ದರೆ ಮೆಟ್ಟಿಲ ಮೇಲಿರುತ್ತಿದ್ದಳು. ನಾನು ಓಡಿ ಹಿಡಿದುಕೊಂಡೆ. ಅವಳ ಮುಖ ಬಿಳುಚಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಬಿಡೇ, ನಾನೇನು ಗಾಜಿನ ಲೋಟಾನ? ಹಗುರಕ್ಕೇ ವಯಸ್ಸಾಯ್ತು ಅಂತ ಕಾಣುತ್ತೆ, ನನಗಲ್ಲ."

ಊರೆಲ್ಲ ಹಾಗೇ ಅನ್ನುತ್ತಿತ್ತು. ಹಗುರ ಕುಗ್ಗುತ್ತಿದೆಯಂತೆ, ಇನ್ನೆರಡು ವರ್ಷಕ್ಕೆ ಪೂರ್ತಿ ನಿಂತುಹೋಗುತ್ತದಂತೆ. ಅದೇ ಗುರುವಾರ ಮಂಡಿಯ ಹಮಾಲಿ ಬೀರಪ್ಪ ಬೀರು ಇಳಿಸುವಷ್ಟರಲ್ಲಿ ಭಾರ ಬಂದು ಅವನ ಕಾಲ ಹೆಬ್ಬೆರಳು ಬದನೆಕಾಯಿಯಾಯಿತು. ಸಂಜೆಗೆ ಪುರಸಭೆಯವರು ಬೀದಿ ಬೀದಿಗೆ ನೋಟೀಸು ಅಂಟಿಸಿದರು. ಭಾನುವಾರದಿಂದ ಹಗುರದ ಹೊತ್ತಿನಲ್ಲಿ ಯಾರೂ ಭಾರ ಎತ್ತಕೂಡದು, ಯಾರೂ ಮೆಟ್ಟಿಲು ಹತ್ತಕೂಡದು. ಅತ್ತೆ ಕಿಟಕಿಯಿಂದಲೇ ಓದಿಸಿ ಕೇಳಿದಳು. ಆಮೇಲೆ ಎದುರಿನ ಜಗಲಿಯನ್ನೇ ನೋಡುತ್ತ ಕೂತಳು.

ನಾನು ಬಿ.ಎಸ್ಸಿ. ಮುಗಿಸಿ ಕೆಳಪೇಟೆಯ ಗಡಿಯಾರದ ಕಚೇರಿಯಲ್ಲಿ ಸಹಾಯಕಿಯಾಗಿದ್ದೇನೆ. ನಮ್ಮೂರಿನಲ್ಲಿ ಕೆಳಪೇಟೆಗೂ ಮೇಲ್ಪೇಟೆಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಸಾಲದು. ಆದ್ದರಿಂದ ಬರುವ ಗಂಟೆ ಕೆಳಪೇಟೆಯದು, ಹೋಗುವ ಗಂಟೆ ಮೇಲ್ಪೇಟೆಯದು. ಗಂಟೆ ಹೊಡೆಸಲು ಎರಡು ಕಡೆಯೂ ಒಂದೊಂದು ಸರ್ವರ್ ಇದೆ. ಎರಡರ ಆಪರೇಟಿಂಗ್ ಸಿಸ್ಟಮ್ ಬೇರೆ ಬೇರೆ. ನಮ್ಮದರ ಮೇಲೆ ಹಾರಲಾರದ ಒಂದು ಕಪ್ಪು ಬಿಳಿ ಹಕ್ಕಿಯ ಚಿತ್ರ, ಅವರದರಲ್ಲಿ ನಾಲ್ಕು ಕಣ್ಣಿನ ಕಿಟಕಿ. ಹಾಗಾಗಿ ಊರಿನವರಿಗೆ ಇದು ಹಕ್ಕಿ, ಅದು ಕಿಟಕಿ. ಮನೆಗಳ ಗೋಡೆ ಗಡಿಯಾರಗಳೂ ಜನರ ಮೊಬೈಲುಗಳೂ ಈ ಎರಡನ್ನು ಕೇಳಿಯೇ ಹೊತ್ತು ತೋರಿಸುತ್ತವೆ. ಹಕ್ಕಿಯನ್ನು ನೋಡಿಕೊಳ್ಳುವವರು ನಮ್ಮ ಮೇಲಧಿಕಾರಿ ಹಾಲಪ್ಪನವರು, ಕಿಟಕಿಯನ್ನು ನೋಡಿಕೊಳ್ಳುವವರು ಚನ್ನವೀರಪ್ಪನವರು. ಮೊದಲು ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಅರ್ಧ ಸೆಕೆಂಡು ವ್ಯತ್ಯಾಸ ಕಂಡರೂ ಹಾಲಪ್ಪನವರು ಫೋನು ಎತ್ತಿ, "ಏನ್ರೀ, ನಿಮ್ಮ ಕಿಟಕಿ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲೇನು?" ಎನ್ನುತ್ತಿದ್ದರು. ಆ ಕಡೆಯಿಂದ, "ನಿಮ್ಮ ಹಕ್ಕಿಗೆ ರೆಕ್ಕೆ ಇಲ್ಲ, ಹಾರಾಟ ಜಾಸ್ತಿ" ಎಂದು ಉತ್ತರ ಬರುತ್ತಿತ್ತು. ಈಚೆಗೆ ಹಾಲಪ್ಪನವರ ಮಗಳನ್ನು ಚನ್ನವೀರಪ್ಪನವರ ಮಗನಿಗೆ ಕೊಟ್ಟು ಮದುವೆಯಾಗಿ ಇಬ್ಬರೂ ಬೀಗರಾದರು. ಈಗ ಫೋನಿನಲ್ಲಿ ಬರೀ "ತಾವು ಹೇಳಿದಂಗೆ", "ಎಲ್ಲಾದ್ರೂ ಉಂಟೆ, ತಾವು ಹೇಳಿದಂಗೆ."

ಶುಕ್ರವಾರ ಬೆಳಿಗ್ಗೆ ಅತ್ತೆ ಕಾಫಿ ಕುಡಿಯುತ್ತ ಏಳರ ವಾರ್ತೆಗೆ ರೇಡಿಯೋ ಹಾಕಿಸಿದಳು. ಹಾಕುವಷ್ಟರಲ್ಲಿ ಮುಖ್ಯಾಂಶ ಮುಗಿಯುತ್ತಿತ್ತು. "ಈ ರೇಡಿಯೋದವರಿಗೆ ಏನು ಬಂದಿದೆಯೋ! ಯಾವ ಬಸ್ಸು ಹಿಡಿಯಬೇಕೋ ಪಾಪ. ಒಂದು ತಿಂಗಳಿಂದ ಏಳಕ್ಕೆ ಮುಂಚೇನೇ ಓದಿ ಎದ್ದು ಹೋಗ್ತಾರೆ" ಎಂದಳು. ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಒಂದು ಗಂಟೆ ಕಾದೆ. ಎಂಟರ ವಾರ್ತೆಗೆ ಮುಂಚೆ ಬರುವ ಪೀಪ್ ಪೀಪ್ ಸದ್ದಿನ ಕೊನೆಯ ಪೀಪಿಗೆ ಸರಿಯಾಗಿ ಗೋಡೆ ಗಡಿಯಾರ ನೋಡಿದೆ. ಏಳು ಗಂಟೆ ಐವತ್ತೊಂಬತ್ತು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು. ಮೂವತ್ತಾರು ಸೆಕೆಂಡು ಹಿಂದೆ. ರೇಡಿಯೋ ನಮ್ಮೂರಿನದಲ್ಲ, ಅದಕ್ಕೆ ಹಕ್ಕಿಯೂ ಗೊತ್ತಿಲ್ಲ, ಕಿಟಕಿಯೂ ಗೊತ್ತಿಲ್ಲ.

ದಿನಚರಿ ತೆಗೆದು ಹಿಂದಕ್ಕೆ ಹಾಳೆ ತಿರುವಿದೆ. ಅತ್ತೆ ಕೊನೆಯ ಸಲ ಎಲೆಯನ್ನು ನೆಮ್ಮದಿಯಾಗಿ ಬಾಯಿಗಿಟ್ಟ ದಿನ ನಾನು ಬರೆದಿದ್ದ ಇನ್ನೊಂದು ಸಾಲು: "ಹಾಲಪ್ಪ ಸರ್ ಮಗಳ ಮದುವೆಗೆ ಹೋಗಿ ಬಂದೆ. ಲಾಡು ಚೆನ್ನಾಗಿತ್ತು. ಯಾರ ಜೊತೆಯೂ ಮಾತಾಡಲಿಲ್ಲ." ಎಣಿಸಿದೆ. ಅಲ್ಲಿಂದ ಇಲ್ಲಿಗೆ ಮೂವತ್ತಾರು ದಿನ. ದಿನಕ್ಕೊಂದು ಸೆಕೆಂಡು.

"ಅತ್ತೆ, ಇವತ್ತೊಂದು ದಿನ ಕೆಳಗಿಳೀಬೇಡ" ಎಂದೆ.

"ಭಾನುವಾರದಿಂದ ತಾನೇ ನಿಷೇಧ?"

"ದಮ್ಮಯ್ಯ ಅಂತೀನಿ, ಇವತ್ತೊಂದು ದಿನ."

ಅತ್ತೆ ನನ್ನ ಮುಖ ನೋಡಿ ಏನೂ ಕೇಳದೆ, "ರೆಬೆಕ್ಕನಿಗೆ ಹೇಳಿ ಹೋಗು, ಇಲ್ಲದಿದ್ರೆ ನಾನು ಸತ್ತೆ ಅಂತ ಎಲ್ಲರಿಗೂ ಸುದ್ದಿ ಮುಟ್ಟಿಸ್ತಾಳೆ" ಎಂದಳು.

ದಿನಾ ಹಗುರ ಹೋದ ಮೇಲೆ ಕಚೇರಿಗೆ ಹೋಗುವವಳು ಅವತ್ತು ಬೇಗನೆ ಹೋಗಿ ಹಾಲಪ್ಪನವರ ಮೇಜಿನ ಮುಂದೆ ನಿಂತು "ಸರ್" ಎಂದೆ. ಫ್ಯಾನಿನ ಸದ್ದಿಗೆ ಅದು ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ. ಗಡಿಯಾರ ಹಿಂದಿದೆ ಎಂದು ಹೇಳುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು.

ಅವರು ನಕ್ಕರು. "ನೋಡವ್ವ ಮೇದಿನಿ, ಒಂದು ಗಡಿಯಾರ ತಪ್ಪಿದ್ರೆ ಇನ್ನೊಂದು ಹೇಳ್ತದೆ. ಎರಡೂ ತಪ್ಪಿದ್ರೆ ಎರಡು ಬೇರೆ ಬೇರೆ ತಪ್ಪು ಹೇಳ್ತಾವೆ. ಇವೆರಡೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ದೆ ಒಂದೇ ಹೇಳ್ತಿದಾವೆ. ಅಂದಮೇಲೆ ತಪ್ಪು ಹಗುರದ್ದೇ. ನೀನು ಬೇಕಾದ್ರೆ ನೋಡಿಕೋ. ಬೇಡ ಅಂದೋರು ಯಾರು?"

ನೋಡಿದೆ. ಮೊದಲು ಹೊಳೆದದ್ದು ಎರಡು ಯಂತ್ರಗಳ ಹಳೆಯ ಸ್ವಭಾವ. ಹಕ್ಕಿ ತನ್ನೊಳಗೆ ಜಗತ್ತಿಗೆಲ್ಲ ಸಾಮಾನ್ಯವಾದ ಸಮಯವನ್ನು ಇಟ್ಟುಕೊಂಡು ನಮಗೆ ತೋರಿಸುವಾಗ ಐದೂವರೆ ಗಂಟೆ ಕೂಡಿಸುತ್ತದೆ. ಕಿಟಕಿ ನೇರವಾಗಿ ಊರಿನ ಸಮಯವನ್ನೇ ಇಟ್ಟುಕೊಳ್ಳುತ್ತದೆ. ಆದರೆ ಅಲ್ಲಿ ಎಡವಟ್ಟಾದರೆ ಐದೂವರೆ ಗಂಟೆ ತಪ್ಪಬೇಕು, ಮೂವತ್ತಾರು ಸೆಕೆಂಡಲ್ಲ. ಅದಲ್ಲ. ಆಮೇಲೆ ತಂತಿ. ದೂರದ ನಗರದ ದೊಡ್ಡ ಗಡಿಯಾರದಿಂದ ಸಮಯ ತರುವ ತಂತಿ ಕಡಿದಿದೆಯೇ? ಕಡಿದಿರಲಿಲ್ಲ, ಆ ಗಡಿಯಾರವನ್ನು ಕೈಯಾರೆ ಕೇಳಿದರೆ ತಕ್ಷಣ ಉತ್ತರ ಬಂತು, ರೇಡಿಯೋಕ್ಕೆ ಹೊಂದುವ ಉತ್ತರ. ಅಂದರೆ ಹೇಳುವವರಿದ್ದಾರೆ, ಹಕ್ಕಿ ಕೇಳುತ್ತಿಲ್ಲ. ಹಾಗಾದರೆ ಯಾರನ್ನು ಕೇಳುತ್ತಿದೆ?

ಹಕ್ಕಿ ಯಾರಿಂದ ಸಮಯ ಪಡೆಯಬೇಕೆಂದು ಬರೆದಿಟ್ಟ ಕಡತವೊಂದಿದೆ. ತೆರೆದೆ. ನಗರದ ಗಡಿಯಾರದ ಹೆಸರಿದ್ದ ಸಾಲಿನ ಮುಂದೆ # ಗುರುತು. ಆ ಗುರುತಿದ್ದರೆ ಯಂತ್ರ ಆ ಸಾಲನ್ನು ಓದದೆ ದಾಟಿಹೋಗುತ್ತದೆ, ಅದು ಮನುಷ್ಯರಿಗೆ ಮಾತ್ರ. ಅದರ ಕೆಳಗೆ ಹೊಸ ಸಾಲು: ಕಿಟಕಿಯನ್ನು ಕೇಳು. ಪಕ್ಕದಲ್ಲಿ, ಮತ್ತೆ # ಹಾಕಿ, ಹಾಲಪ್ಪನವರ ಟಿಪ್ಪಣಿ: "ಬೀಗರಿರುವಾಗ ಹೊರಗಿನವರನ್ನು ಕೇಳುವುದುಂಟೇ?" ತಾರೀಖು ಮದುವೆಯ ಮಾರನೆಯ ದಿನದ್ದು.

ಇದರಲ್ಲಿ ಅಷ್ಟು ತಪ್ಪೇನೂ ಇರಲಿಲ್ಲ. ಕಿಟಕಿ ನಗರವನ್ನು ಕೇಳುತ್ತಿದ್ದರೆ, ಹಕ್ಕಿ ಕಿಟಕಿಯನ್ನು ಕೇಳಿದರೂ ಸಮಯ ಸರಿಯೇ ಇರಬೇಕು. ಸರಿ ಇಲ್ಲವಲ್ಲ! ಅಷ್ಟರಲ್ಲಿ ಹಾಲಪ್ಪನವರೇ ದಾರಿ ಮಾಡಿಕೊಟ್ಟರು. ಬೀಗರಿಗೆ ಒಂದು ಡಬ್ಬಿ ಕರ್ಜಿಕಾಯಿ ಮುಟ್ಟಿಸಿ ಬಾ ಎಂದರು. ಅವತ್ತಿನ ಹಗುರ ಹೋದ ಮೇಲೆ ಡಬ್ಬಿ ಹಿಡಿದು ಮೇಲ್ಪೇಟೆಗೆ ಹೋದೆ. ಚನ್ನವೀರಪ್ಪನವರು ಡಬ್ಬಿ ಕಂಡು ಕೈ ತೊಳೆಯಲು ಎದ್ದರು. ನನ್ನ ಜೀವನದಲ್ಲಿ ಕೇಳದೆ ಇನ್ನೊಬ್ಬರ ವಸ್ತು ಮುಟ್ಟಿದ್ದು ಅದೇ ಮೊದಲು. ಕಿಟಕಿಯ ಕೀಲಿಮಣೆಯ ಮೇಲೆ, ನಿನಗೆ ಸಮಯ ಹೇಳುವವರು ಯಾರು ಎಂದು ಕೇಳುವ ಆಜ್ಞೆ ಒತ್ತಿದೆ. ಪರದೆಯ ಮೇಲೆ ಒಂದೇ ಹೆಸರು ಬಂತು: ಹಕ್ಕಿ.

ನನಗೆ ನಗು ತಡೆಯಲಾಗಲಿಲ್ಲ. ಒದ್ದೆ ಕೈಯಲ್ಲಿ ಬಂದ ಚನ್ನವೀರಪ್ಪನವರು, "ಏನಮ್ಮಾ, ಏನು ತಮಾಷೆ?" ಎಂದರು.

"ಸರ್, ನೀವು ಹಕ್ಕಿನ ಕೇಳ್ತಿದೀರಾ?"

"ಮತ್ತೆ? ಬೀಗರ ಮನೆ ಗಡಿಯಾರ ಇರೋವಾಗ ಊರಾಚೆಯವರಿಂದ ಕೇಳಿಸ್ಕೊಳ್ಳೋದು ಚೆನ್ನಾಗಿರ್ತದಾ? ಮದುವೆಯಾದ ಮಾರನೇ ದಿನವೇ ಬದಲಾಯಿಸ್ದೆ. ಅವರಿಗೆ ಹೇಳಬೇಡ, ಮಾಡಿದ್ದನ್ನ ಹೇಳ್ಕೊಂಡ್ರೆ ಮರ್ಯಾದೆ ಅಲ್ಲ."

"ಅವರು ಕಿಟಕಿನ ಕೇಳ್ತಿದಾರೆ ಸರ್. ಅದೇ ದಿನದಿಂದ."

ಕರ್ಜಿಕಾಯಿ ಅವರ ಬಾಯಿಯ ಹತ್ತಿರ ನಿಂತಿತು. ಅದು ಅವರ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಕ್ಕಿ ಕಿಟಕಿಯನ್ನು ನೋಡಿ ನಡೆಯುತ್ತದೆ, ಕಿಟಕಿ ಹಕ್ಕಿಯನ್ನು ನೋಡಿ ನಡೆಯುತ್ತದೆ. ಇಬ್ಬರೂ "ತಾವು ಹೇಳಿದಂಗೆ" ಎನ್ನುತ್ತ ಕೈ ಕೈ ಹಿಡಿದು ದಿನಕ್ಕೊಂದು ಸೆಕೆಂಡು ಹಿಂದಕ್ಕೆ ಜಾರುತ್ತಿದ್ದಾರೆ. ಜಗಳವಿದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಫೋನು ಮಾಡಿದ ಹತ್ತು ನಿಮಿಷಕ್ಕೆ ಹಾಲಪ್ಪನವರು ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದರು. ಇಬ್ಬರೂ ಪರದೆ ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಸರಿ ಮಾಡುವುದು ಎರಡು ಸಾಲಿನ ಕೆಲಸ. ಆದರೆ ಯಾರೂ ಕೈ ಮುಂದೆ ಮಾಡಲಿಲ್ಲ.

"ತಾವು ಮೊದಲು ನಮ್ಮನ್ನ ಬಿಡಿ" ಎಂದರು ಹಾಲಪ್ಪನವರು.

"ಛೆ ಛೆ, ಹೆಣ್ಣು ಕೊಟ್ಟೋರು ನೀವು. ನಾನು ಬಿಟ್ಟೆ ಅಂದ್ರೆ ಊರು ಏನಂತದೆ? ನೀವೇ ಬಿಡಿ."

"ನಾನು ಬಿಟ್ರೆ ನಾಳೆ ನನ್ನ ಮಗಳಿಗೆ ಯಾರಾದ್ರೂ ಚುಚ್ಚಿದ್ರೆ? ನಿಮ್ಮಪ್ಪ ನಮ್ಮ ಕಿಟಕಿನ ನಂಬಲಿಲ್ಲ ಅಂತ?"

"ನಮ್ಮನೇಲಿ ಅಂಥ ಮಾತು ಆಡೋರು ಯಾರೂ ಇಲ್ಲ."

"ಇಲ್ಲ ಅಂತ ಗೊತ್ತು. ಆದ್ರೂ..."

ಅದು ಹಾಗೇ ಹೋಗುತ್ತಿತ್ತು. ಒಬ್ಬರು ಇನ್ನೊಬ್ಬರ ಮುಂದೆ ಕುರ್ಚಿ ಸರಿಸಿದರು. ಕೂತ ಮೇಲೆ ಕರ್ಜಿಕಾಯಿ ಬಂತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಇವರ ಮರ್ಯಾದೆ ಮುಗಿಯುವ ಹೊತ್ತಿಗೆ ಭಾನುವಾರ ಬರುತ್ತದೆ, ಅತ್ತೆ ಆ ಕುರ್ಚಿಯಲ್ಲೇ ಉಳಿಯುತ್ತಾಳೆ ಎನಿಸಿತು. ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟಿಕೊಂಡೆ, ಎರಡು ಸಲ ಒಳಗೇ ಹೇಳಿ ನೋಡಿದೆ, ಮೂರನೆಯ ಸಲ ಅದು ಹೊರಗೆ ಬಂತು.

"ಸರ್, ಮದುವೆ ಮುಹೂರ್ತ ಇಟ್ಟಿದ್ದು ನಿಮ್ಮಿಬ್ಬರಲ್ಲಿ ಯಾರು?"

ಇಬ್ಬರೂ ತಿರುಗಿದರು. "ನಾವ್ಯಾರು ಇಡೋಕೆ? ಮಠದ ಅಯ್ನೋರು ಇಟ್ರು" ಎಂದರು ಹಾಲಪ್ಪನವರು.

"ಅಯ್ನೋರನ್ನ ಕೇಳಿದ್ದಕ್ಕೆ ಬೀಗರಿಗೆ ಅವಮಾನ ಆಯ್ತಾ?"

ಚನ್ನವೀರಪ್ಪನವರು ಜೋರಾಗಿ ನಕ್ಕು, "ಬೀಗರೇ, ಈ ಹುಡುಗಿ ಬಾಯಿ ಬಿಡಲ್ಲ ಅಂತಿದ್ರಲ್ಲ!" ಎಂದರು. "ಬಿಟ್ಟಿದ್ದು ಇವತ್ತೇ. ಹಿರೀಕರನ್ನ ಇಬ್ಬರೂ ಒಟ್ಟಿಗೆ ಕೇಳೋದ್ರಲ್ಲಿ ಏನು ತಪ್ಪು? ಬನ್ನಿ, ಒಂದೇ ಸಲ ಮಾಡೋಣ" ಎಂದರು ಹಾಲಪ್ಪನವರು. ಅವರು ಸೈಕಲ್ಲಿನಲ್ಲಿ ಕೆಳಪೇಟೆಗೆ ಹೋಗಿ ಫೋನು ಹಿಡಿದರು, ಚನ್ನವೀರಪ್ಪನವರು ಇಲ್ಲಿ. "ಒಂದು, ಎರಡು, ಮೂರು" ಎಂದು ನನ್ನಿಂದ ಎಣಿಸಿಸಿದರು. ಒಂದೇ ಉಸಿರಿಗೆ ಹಕ್ಕಿಯೂ ಕಿಟಕಿಯೂ ನಗರದ ದೊಡ್ಡ ಗಡಿಯಾರದ ಕಡೆ ಮುಖ ತಿರುಗಿಸಿದವು.

ಅಲ್ಲಿಯೂ ಸ್ವಭಾವ ಬಿಡಲಿಲ್ಲ. ನಾವು ಹೊಂದಿಸಿಟ್ಟಿದ್ದ ರೀತಿಗೆ ಕಿಟಕಿ ಮೂವತ್ತಾರು ಸೆಕೆಂಡನ್ನು ಒಂದೇ ನೆಗೆತಕ್ಕೆ ದಾಟಿತು. ಹಕ್ಕಿ ನೆಗೆಯುವುದಿಲ್ಲ, ಯಾವ ಸೆಕೆಂಡನ್ನೂ ಬಿಡದೆ, ಪ್ರತಿಯೊಂದನ್ನೂ ಒಂದಿಷ್ಟು ಚಿಕ್ಕದು ಮಾಡಿಕೊಂಡು ನಡೆದೇ ಹೋಗುತ್ತದೆ. ಲೆಕ್ಕ ಹಾಕಿದೆ. ಇಪ್ಪತ್ತು ಗಂಟೆ ಬೇಕು. ನಾಳೆ ಹಗುರ ಬರುವ ಹೊತ್ತಿಗೆ ತಲುಪಿರುತ್ತದೆ. ಅಲ್ಲಿಯವರೆಗೆ ಎರಡಕ್ಕೂ ಸಮಯ ಹೊಂದುವುದಿಲ್ಲ ಎಂದು ಹೇಳಿದಾಗ ಚನ್ನವೀರಪ್ಪನವರು, "ಹಾಗಾದ್ರೆ ಇವತ್ತು ಸಂಜೆ ಒಂದು ಸಲ ಫೋನಲ್ಲಿ ಬೈಬಹುದು ಬೀಗರನ್ನ" ಎಂದು ಖುಷಿಪಟ್ಟರು. ಪುರಸಭೆಯ ಅಧ್ಯಕ್ಷರನ್ನು ಇಬ್ಬರೂ ಹೋಗಿ ಕಂಡರು. ನಾಳೆ ಮಂಡಿಯ ಮುಂದೆ ತಾನೇ ನಿಂತು ನೋಡುತ್ತೇನೆ, ಗಂಟೆಗೂ ಭಾರಕ್ಕೂ ನಡುವೆ ಪೂರ್ತಿ ಒಂದು ನಿಮಿಷವಿದ್ದರೆ ನೋಟೀಸು ಕಿತ್ತು ಹಾಕುತ್ತೇನೆ ಎಂದರಂತೆ ಅವರು.

ಅತ್ತೆಗೆ ಎಲ್ಲ ಹೇಳಿದೆ. ಇಷ್ಟುದ್ದ ನಾನು ಮಾತಾಡಿದ್ದು ಅವಳಿಗೆ ಹೊಸದು. ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೊನೆಗೆ, "ಅಂದ್ರೆ ಹಗುರಕ್ಕೆ ಏನೂ ಆಗಿಲ್ಲ?" ಎಂದಳು. ಇಲ್ಲ ಎಂದೆ. "ನನಗೆ ಗೊತ್ತಿತ್ತು" ಎಂದಳು, ನಿನ್ನೆ ತಾನೇ ಹೇಳಿದ್ದನ್ನು ಮರೆತು.

ಶನಿವಾರ ಎಂಟರ ಕೊನೆಯ ಪೀಪಿಗೆ ಗೋಡೆ ಗಡಿಯಾರ ಎಂಟನ್ನೇ ತೋರಿಸಿತು. ಹತ್ತೂ ಹದಿನೇಳಕ್ಕೆ ಬರುವ ಗಂಟೆ ಹೊಡೆಯಿತು. ಅತ್ತೆ ಇಳಿದು ಹೋದಳು. ನಾನು ಮೆಟ್ಟಿಲ ಬುಡದಲ್ಲಿ, ಅಕಸ್ಮಾತ್ ಬಿದ್ದರೆ ಹಿಡಿಯಲೆಂದು, ಎರಡು ಕೈ ಸಿದ್ಧ ಮಾಡಿಕೊಂಡು ನಿಂತೆ. ನನ್ನ ಮೈಯೂ ಹಗುರವಾಗಿತ್ತು, ಗಾಳಿಗೆ ದಾವಣಿ ಹಾರಿದರೆ ನಾನೂ ಅದರ ಜೊತೆ ಅರ್ಧ ಹೆಜ್ಜೆ ಸರಿಯುತ್ತಿದ್ದೆ. ಹತ್ತೂ ಇಪ್ಪತ್ತೆಂಟಕ್ಕೆ ಮೇಲ್ಪೇಟೆಯಿಂದ ಹೋಗುವ ಗಂಟೆ ಕೇಳಿತು. ಎಣಿಸತೊಡಗಿದೆ. ಹತ್ತು. ಇಪ್ಪತ್ತು. ಅತ್ತೆ ಏಳಲಿಲ್ಲ. ಜಗಲಿಯ ಮೇಲೆ ಕಾಲು ಅಲ್ಲಾಡಿಸುತ್ತ ರೆಬೆಕ್ಕಮ್ಮನಿಗೆ ಏನೋ ಹೇಳುತ್ತಲೇ ಇದ್ದಳು. ಮೂವತ್ತು.

"ಅತ್ತೆ, ಏಳು!" ಎಂದು ಕೂಗಿದೆ. ಬೀದಿಯಲ್ಲಿ ಬೀರು ಇಳಿಸುತ್ತಿದ್ದವರು, ಹಾಸಿಗೆ ಇಳಿಸುತ್ತಿದ್ದವರು, ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೂ ತಿಳಿದಿರಲಿಲ್ಲ.

ಅತ್ತೆ ಅಲ್ಲಿಂದಲೇ ಕೂಗಿದಳು. "ನಾಳೆನೂ ಗಂಟೆ ಸರಿಯಾಗೇ ಹೊಡೀತದೇನೇ?"

"ಹೊಡೀತದೆ, ಬಾ ಅತ್ತೆ, ನಲವತ್ತಾಯ್ತು!"

"ನಾಡಿದ್ದು?"

"ನಾಡಿದ್ದೂನೂ! ಏಳು ಅಂತೀನಿ!"

"ಹಾಗಾದ್ರೆ ಇವತ್ತೇ ಯಾಕೆ ಹತ್ತಬೇಕು?" ಎಂದಳು ಅತ್ತೆ. "ಎಂಟು ವರ್ಷದಿಂದ ಮಾತು ಬಾಯಲ್ಲಿಟ್ಕೊಂಡು ಎದ್ದು ಓಡ್ತಿದೀನಿ. ಇವತ್ತು ಮುಗಿಸಿ, ನಾಳೆ ಹಗುರದಲ್ಲಿ ಬರ್ತೀನಿ." ಹೇಳುತ್ತಲೇ ಎದ್ದು, ಎರಡು ಹೆಜ್ಜೆ ತೇಲಿದಂತೆ ಒಳಗೆ ಹೋಗಿ, ರೆಬೆಕ್ಕಮ್ಮನ ಹೊಲಿಗೆ ಯಂತ್ರದ ಪಕ್ಕದ ಮಂಚದ ಮೇಲೆ ಕಾಲು ಚಾಚಿ ಕೂತಳು. ನಾನು ಓಡಿ ಬಾಗಿಲು ಮುಟ್ಟುವಷ್ಟರಲ್ಲಿ ಅರವತ್ತಾಯಿತು. ಭಾರ ಬಂತು. ನನ್ನ ಪಾದ ನೆಲಕ್ಕೆ ಕೂತಿತು, ಮಂಚ ಒಮ್ಮೆ ನರಳಿತು, ಬೀದಿಯುದ್ದಕ್ಕೂ ಪಾತ್ರೆ ಪಡಗ ಒಂದು ಗಂಭೀರ ಸದ್ದು ಮಾಡಿ ತಮ್ಮ ತಮ್ಮ ಜಾಗದಲ್ಲಿ ನಿಂತವು. ಮಂಡಿಯ ಕಡೆಯಿಂದ ಯಾರೋ, "ಪೂರಾ ಒಂದು ನಿಮಿಷ! ಪೂರಾ ಒಂದು ನಿಮಿಷ!" ಎಂದು ಕೂಗುತ್ತಿದ್ದರು.

"ಇವಳ ಮಾತು ಒಂದು ದಿನಕ್ಕೆ ಮುಗಿಯುತ್ತೆ ಅಂದ್ಕೊಂಡಿದೀಯೇನಮ್ಮ?" ಎಂದರು ರೆಬೆಕ್ಕಮ್ಮ ನನ್ನನ್ನು ನೋಡಿ. "ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕ್ತೀನಿ. ನೀನೇನು ಹೊಸಿಲಲ್ಲೇ ನಿಂತುಬಿಟ್ಟೆ? ನಿನಗೂ ಏನಾದ್ರೂ ಹೇಳೋದಿದ್ರೆ ಬಾ, ಕೂತ್ಕೋ."

ಹೇಳುವುದಿತ್ತು. ಒಳಗೆ ಹೋಗಿ ಕೂತೆ.